ಸೋತ ದಿನಕ್ಕಿಂತ ಗೆದ್ದ ದಿನವೇ ಅಂಜಿಕೆ

ಆಡಂ ಸ್ಯಾಂಡ್ಲರ್ ಅಂದ್ರೆ ನಗಿಸೋ ನಟ ಅಂತಲೇ ನಮಗೆ ಗೊತ್ತು. ಆ ನಂಬಿಕೆಯಲ್ಲಿ ‘ಅನ್‌ಕಟ್ ಜೆಮ್ಸ್’ ಹಾಕಿಕೊಂಡು ಕೂತವರ ಕಥೆ ಮುಗೀತು. 135 ನಿಮಿಷ ಉಸಿರು ಬಿಡೋಕೆ ಜಾಗ ಇಲ್ಲ. ಎಲ್ಲರೂ ಒಟ್ಟಿಗೇ ಮಾತಾಡ್ತಾರೆ, ಫೋನು ಹೊಡ್ಕೋತಾನೇ ಇರುತ್ತೆ, ಅಂಗಡಿಯ ಬಾಗಿಲು ಬೇಕಾದಾಗ ತೆರೆಯೋದಿಲ್ಲ, ಸಾಲ ಕೊಟ್ಟವರು ಹೊರಗೆ ನಿಂತಿರ್ತಾರೆ. ಜೋಶ್ ಮತ್ತು ಬೆನ್ನಿ ಸಾಫ್ಡಿ ಎಂಬ ಅಣ್ಣತಮ್ಮಂದಿರು 2019ರಲ್ಲಿ ಮಾಡಿದ ಚಿತ್ರ ಇದು. ಮರುವರ್ಷ ನೆಟ್‌ಫ್ಲಿಕ್ಸ್ ಮೂಲಕ ನಮ್ಮ ಫೋನುಗಳಿಗೂ ಬಂತು.

ಕಥೆ ಇಷ್ಟೇ. ಹೋವರ್ಡ್ ರಾಟ್ನರ್ ನ್ಯೂಯಾರ್ಕ್‌ನ ವಜ್ರದ ಬೀದಿಯಲ್ಲಿ ಅಂಗಡಿ ಇಟ್ಟವನು. ಮೈತುಂಬ ಸಾಲ. ಇಥಿಯೋಪಿಯಾದ ಗಣಿಯಿಂದ ಒಂದು ಕಪ್ಪು ಓಪಲ್ ಕಲ್ಲು ತರಿಸಿದ್ದಾನೆ, ಅದು ಹರಾಜಾದರೆ ಎಲ್ಲ ಸರಿಹೋಗುತ್ತೆ ಅಂತ ಲೆಕ್ಕ. ಬಾಸ್ಕೆಟ್‌ಬಾಲ್ ಆಟಗಾರ ಕೆವಿನ್ ಗಾರ್ನೆಟ್ (ತನ್ನ ಪಾತ್ರ ತಾನೇ ಮಾಡಿದ್ದಾನೆ) ಆ ಕಲ್ಲಿಗೆ ಮರುಳಾಗಿ, ಒಂದು ದಿನ ಇಟ್ಕೊಳ್ಳೋಕೆ ಕೇಳ್ತಾನೆ. ನಂಬಿಕೆಗೆ ಅಂತ ತನ್ನ ಚಾಂಪಿಯನ್‌ಶಿಪ್ ಉಂಗುರ ಬಿಟ್ಟು ಹೋಗ್ತಾನೆ. ಹೋವರ್ಡ್ ಏನ್ ಮಾಡ್ತಾನೆ? ಆ ಉಂಗುರವನ್ನೇ ಒತ್ತೆಯಿಟ್ಟು, ಬಂದ ದುಡ್ಡನ್ನ ಗಾರ್ನೆಟ್‌ನ ಆಟದ ಮೇಲೆ ಕಟ್ತಾನೆ.

ನನ್ನ ಜೊತೆ ಸಿನಿಮಾ ನೋಡ್ತಿದ್ದ ಗೆಳೆಯ ಇಲ್ಲಿ ಪಾಸ್ ಒತ್ತಿದ. ಅವನು ಖಾನಾಪುರದವನು, ನಾನು ಬೆಳಗಾವಿಯವನು, ಇಬ್ಬರದೂ ಒಂದೇ ಆಫೀಸು. “ಇದು ನಮ್ಮ ಕಾಕಾಂದ ಪಿಚ್ಚರ್ ಐತಲೇ,” ಅಂದ. “ಒಂದ ಬಿಡಿಸಾಕ ಇನ್ನೊಂದ ಒತ್ತಿ ಇಡ್ತಾನ.”

ಅವನ ಕಾಕಾ ಇಟ್ಟಂಗಿ ಭಟ್ಟಿ ನಡೆಸ್ತಿದ್ದವರು. ಶುರುವಾಗಿದ್ದು ಓಸಿಯಿಂದ, ಅಂದ್ರೆ ಮಟಕಾ.

ಓಸಿ ಅಂದ್ರೆ ‘ಓಪನ್-ಕ್ಲೋಸ್’. ಈ ಹೆಸರು ಬಂದಿದ್ದು ಹೋವರ್ಡ್‌ನ ಊರಿಂದಲೇ! ನ್ಯೂಯಾರ್ಕ್ ಹತ್ತಿ ವಿನಿಮಯ ಕೇಂದ್ರದ ದರ ಟೆಲಿಪ್ರಿಂಟರ್‌ನಲ್ಲಿ ಮುಂಬೈಗೆ ಬರ್ತಿತ್ತು. ವಹಿವಾಟು ಶುರುವಾದಾಗ ಎಷ್ಟು, ಮುಗಿದಾಗ ಎಷ್ಟು ಅನ್ನೋದರ ಮೇಲೆ ಜನ ಹಣ ಕಟ್ತಿದ್ರು. 1961ರಲ್ಲಿ ಅದು ನಿಂತಿತು. ಆದರೆ ಚಟ ನಿಲ್ಲಬೇಕಲ್ಲ! 1962ರಲ್ಲಿ ಕಲ್ಯಾಣ್‌ಜಿ ಭಗತ್, 1964ರಲ್ಲಿ ರತನ್ ಖತ್ರಿ ಹತ್ತಿಯನ್ನು ಬಿಟ್ಟು ಬರೀ ಅಂಕಿಗಳ ಆಟ ಶುರುಮಾಡಿದರು. ಮಡಕೆಯಿಂದ ಚೀಟಿ ಎತ್ತುತ್ತಿದ್ದರು, ಅದಕ್ಕೇ ಮಟಕಾ. ಮಡಕೆ ಮಾಡೋದಕ್ಕೇ ಹೆಸರಾದ ಖಾನಾಪುರಕ್ಕೆ ಆ ಹೆಸರು ಬೇರೆ ಅರ್ಥದಲ್ಲಿ ಬಂದು ಸೇರಿದ್ದು ಒಂದು ವಿಚಿತ್ರ.

ಆಟ ಸರಳ. ಮೂರು ಅಂಕಿ ಎತ್ತಿ ಕೂಡಿಸೋದು. 5, 3, 6 ಬಂದರೆ 14, ಕೊನೆಯ ಅಂಕಿ 4, ಅದೇ ಓಪನ್. ಸ್ವಲ್ಪ ಹೊತ್ತಿಗೆ ಇನ್ನೊಮ್ಮೆ ಎತ್ತಿದರೆ ಕ್ಲೋಸ್. ಎರಡೂ ಸೇರಿ ಜೋಡಿ. ಜೋಡಿ ಹತ್ತಿದರೆ ಸಾಮಾನ್ಯವಾಗಿ ಒಂದಕ್ಕೆ 90 ಕೊಡ್ತಾರೆ. ಇರೋದು 100 ಜೋಡಿ. ಅಂದ್ರೆ ಸರಾಸರಿ ಪ್ರತಿ 100 ರೂಪಾಯಿಗೆ 10 ರೂಪಾಯಿ ಬುಕ್ಕಿಯ ಜೇಬಿಗೆ. ವಾಪಸ್ ಬಂದದ್ದನ್ನೇ ತಿರುಗಿ ಕಟ್ತಾ ಹೋದ್ರೆ ಏಳು ಸುತ್ತಿಗೆ ಸರಾಸರಿ ಅರ್ಧಕ್ಕಿಂತ ಕಡಿಮೆ ಉಳಿಯುತ್ತೆ. ಎಂಜಿನಿಯರಿಂಗ್ ಓದಬೇಕಿಲ್ಲ, ಮೊಬೈಲ್ ಕ್ಯಾಲ್ಕುಲೇಟರ್‌ನಲ್ಲಿ 0.9 ಅನ್ನು ಏಳು ಸಲ ಗುಣಿಸಿ ನೋಡಿ.

ಈ ಲೆಕ್ಕ ಕಾಕಾಗೆ ಗೊತ್ತಿಲ್ಲ ಅಂತಲ್ಲ. ಇಟ್ಟಂಗಿ ಲೆಕ್ಕ, ಕೂಲಿ ಲೆಕ್ಕ ಎಲ್ಲ ಬಾಯಲ್ಲೇ ಮಾಡೋ ಮನುಷ್ಯ. ಸಿನಿಮಾ ಸರಿಯಾಗಿ ಹಿಡಿದಿರೋದು ಇದನ್ನೇ. ಹೋವರ್ಡ್ ದಡ್ಡ ಅಲ್ಲ. ಅವನಿಗೆ ಬೇಕಿರೋದು ದುಡ್ಡೂ ಅಲ್ಲ, ದುಡ್ಡು ಬರೋಕೆ ಮೊದಲಿನ ಆ ಹತ್ತು ನಿಮಿಷ. ಸಾಲ ತೀರಿಸುವಷ್ಟು ಕೈಗೆ ಬಂದಾಗಲೂ ಅವನ ಕಣ್ಣು ಮುಂದಿನ ಪಂದ್ಯದ ಮೇಲೆ. ನೋಡೋ ನಮಗೆ ಹೊಟ್ಟೆಯಲ್ಲಿ ಸಂಕಟ, ಅವನ ಮುಖದಲ್ಲಿ ಬೆಳಕು. ಸ್ಯಾಂಡ್ಲರ್ ಗೆದ್ದಿರೋದು ಅಲ್ಲಿ. ಇಷ್ಟು ಕಿರುಚಾಟ ಬೇಕಿತ್ತಾ ಅಂತ ಕೆಲವು ಕಡೆ ನನಗೆ ಅನ್ನಿಸಿದ್ದೂ ಹೌದು. ನಮ್ಮ ಕಡೆ ಈ ಚಟಕ್ಕೆ ಸದ್ದೇ ಇರೋದಿಲ್ಲ. ಚಹಾದಂಗಡಿ ಪಕ್ಕ ಒಂದು ಚೀಟಿ, ಇಲ್ಲಾ ವಾಟ್ಸಾಪ್‌ನಲ್ಲಿ ಎರಡು ಅಂಕಿ. ಸಿಕ್ಕಿಬಿದ್ದರೆ ಕರ್ನಾಟಕ ಪೊಲೀಸ್ ಕಾಯ್ದೆ 1963ರ ಕಲಂ 78ರಡಿ ಕೇಸು, ಪೇಪರಿನ ಒಳಪುಟದಲ್ಲಿ ನಾಲ್ಕು ಸಾಲು.

ದೊಡ್ಡ ಆಟ ಬೇಕು ಅನ್ನೋರಿಗೆ ರಸ್ತೆನೂ ಹತ್ತಿರ. ಬೆಳಗಾವಿಯಿಂದ ಚೋರ್ಲಾ ಘಾಟಿನ ದಾರಿ ಹಿಡಿದರೆ ಖಾನಾಪುರ ತಾಲೂಕಿನ ಜಾಂಬೋಟಿ, ಮಲಪ್ರಭೆ ಹುಟ್ಟೋ ಕಣಕುಂಬಿ ದಾಟಿ ಗೋವಾ. ಪಣಜಿಯಲ್ಲಿ ಮಾಂಡವಿ ನದಿಯ ಮೇಲೆ ಕ್ಯಾಸಿನೊ ಹಡಗುಗಳು. 2020ರ ಫೆಬ್ರುವರಿಯಿಂದ ಗೋವಾ ಸರ್ಕಾರ ತನ್ನ ಜನರಿಗೇ ಅಲ್ಲಿ ಪ್ರವೇಶ ಬಂದ್ ಮಾಡಿದೆ. ನಮಗೆ ಮಾತ್ರ ಸ್ವಾಗತ! ಊರಿನ ಮಕ್ಕಳು ತಿನ್ನಬಾರದ ಅಡುಗೆಯನ್ನ ಅತಿಥಿಗೆ ಬಡಿಸಿದಂಗಾಯ್ತು.

ಫೋನು ಬಂದ ಮೇಲೆ ಘಾಟಿ ಇಳಿಯೋ ಕೆಲಸವೂ ಉಳೀಲಿಲ್ಲ. ರಾಜ್ಯ ಸರ್ಕಾರ 2021ರಲ್ಲಿ ಆನ್‌ಲೈನ್ ಜೂಜು ನಿಷೇಧಿಸಿ ಕಾಯ್ದೆ ತಿದ್ದಿತು. 2022ರ ಫೆಬ್ರುವರಿ 14ರಂದು ಹೈಕೋರ್ಟ್ ಆ ತಿದ್ದುಪಡಿಯ ಮುಖ್ಯ ಭಾಗಗಳನ್ನು ರದ್ದುಮಾಡಿತು. 2025ರ ಆಗಸ್ಟ್‌ನಲ್ಲಿ ಸಂಸತ್ತು ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನೇ ನಿಷೇಧಿಸುವ ಕಾಯ್ದೆ ಪಾಸುಮಾಡಿತು. ನಡೆಸುವವರಿಗೆ 3 ವರ್ಷದವರೆಗೆ ಜೈಲು, 1 ಕೋಟಿವರೆಗೆ ದಂಡ. ಆಡುವವರಿಗೆ ಶಿಕ್ಷೆ ಇಲ್ಲ. ಒಳ್ಳೇದೇ. ಆದರೆ ಆ್ಯಪ್ ಕಟ್ಟೋ ಕೆಲಸದಲ್ಲಿರೋ ನನಗೆ ಒಂದು ಗೊತ್ತು: ಒಂದು ಬಾಗಿಲು ಮುಚ್ಚಿದರೆ ಬಳಕೆದಾರ ಇನ್ನೊಂದು ಲಿಂಕ್ ಹುಡುಕ್ತಾನೆ. ‘ಇನ್ನೊಂದೇ ಎಲೆ ಬಂದಿದ್ರೆ ಗೆಲ್ತಿದ್ದೆ’ ಅಂತ ತೋರಿಸೋ ಪರದೆ, ಒಂದೇ ಒತ್ತಿಗೆ ಹಣ ಹಾಕೋ ಬಟನ್ನು, ಇವೆಲ್ಲ ಯೋಚನೆ ಮಾಡೇ ಇಟ್ಟಿರೋವು. ಕೂದಲೆಳೆಯಲ್ಲಿ ತಪ್ಪಿದ್ದನ್ನ ತಲೆ ಸೋಲು ಅಂತ ಎಣಿಸೋದಿಲ್ಲ, ಗೆಲುವು ಹತ್ತಿರ ಬಂತು ಅಂದ್ಕೊಳ್ಳುತ್ತೆ.

ಕಾಕಾ ಭಟ್ಟಿ ಮಾರಿ ನಾಲ್ಕು ವರ್ಷವಾಯಿತು. ಗೆಳೆಯನ ಜೊತೆ ಅವರ ಮನೆಗೆ ಹೋಗಿದ್ದಾಗ ಕಾಕು ಚಹಾ ಕೊಟ್ಟು, ಸಿನಿಮಾ ವಿಷಯ ಬಂದಾಗ ಒಂದೇ ಕೇಳಿದ್ರು: “ಅವನ ಹೇಣ್ತಿ ಏನ ಮಾಡ್ತಾಳಪ್ಪಾ?”

ಡಿವೋರ್ಸ್ ಮಾತಾಗಿದೆ, ಹಬ್ಬ ಮುಗೀಲಿ ಅಂತ ಕಾಯ್ತಿರ್ತಾಳೆ ಅಂದೆ.

“ನಾವೂ ಹಬ್ಬಾ ಮುಗೀಲಿ ಅಂತನ ಕಾಯ್ಕೋತ ಬಂದ್ವಿ,” ಅಂದ್ರು. ಆಮೇಲೆ ಹೇಳಿದ್ದು ನನಗೆ ಇನ್ನೂ ಕಿವಿಯಲ್ಲಿದೆ. “ಸೋತ ದಿನ ಸುಮ್ಮನ ಬಂದು ಮಲಗತಿದ್ರು. ಗೆದ್ದ ದಿನ ಹುಡುಗರಿಗೆ ಕುಂದಾ ತರತಿದ್ರು. ಆ ಡಬ್ಬಿ ಕಂಡ್ರ ನನಗ ಅಂಜಿಕಿ. ಮರುದಿನ ಎಷ್ಟು ಹೋಗತೈತೋ ಅಂತ.”

ಅವರಿಗೆ ನೆರವಾದದ್ದು ಬೈಗುಳವೂ ಅಲ್ಲ, ದೇವರ ಮೇಲಿನ ಆಣೆಯೂ ಅಲ್ಲ. ಜೂಜಿನ ಚಟ ವಿಶ್ವ ಆರೋಗ್ಯ ಸಂಸ್ಥೆಯ ಪಟ್ಟಿಯಲ್ಲಿರೋ ಕಾಯಿಲೆ ಅಂತ ಗೆಳೆಯ ತಿಳಿಸಿ ಹೇಳಿದ ಮೇಲೆ, ಕಾಕು ತಾವೇ ಟೆಲಿ ಮಾನಸ್‌ಗೆ ಫೋನ್ ಮಾಡಿದ್ರು. ನಂಬರ್ 14416. ಹಣ ಬೇಡ, ಕನ್ನಡದಲ್ಲೂ ಮಾತಾಡ್ತಾರೆ, ಚಟ ಇರೋರೇ ಮಾಡಬೇಕು ಅಂತಿಲ್ಲ, ಮನೆಯವರೂ ಮಾಡಬಹುದು. ಅಲ್ಲಿಂದ ಧಾರವಾಡದ ಡಿಮ್ಹಾನ್ಸ್‌. ಬೆಂಗಳೂರಿನಲ್ಲಿರೋರಿಗೆ ನಿಮ್ಹಾನ್ಸ್ ಇದೆ. ಫೋನಿನ ಗೀಳಿಗೇ ಅಂತ ಅಲ್ಲಿ ‘ಶಟ್ ಕ್ಲಿನಿಕ್’ ಕೂಡ ಇದೆ.

ಈಗ ಬ್ಯಾಂಕಿನ ಖಾತೆ ಕಾಕು ಕೈಯಲ್ಲಿ. ಕಾಕಾಗೆ ಸಾದಾ ಕೀಪ್ಯಾಡ್ ಫೋನು. ನಡುವೆ ಒಮ್ಮೆ ಜಾರಿದ್ದೂ ಉಂಟು, ಪೂರ್ತಿ ಬಿಟ್ಟಿದ್ದಾರೆ ಅಂತ ಯಾರೂ ಹೇಳೋದಿಲ್ಲ. ಮುಂದಿನ ಭೇಟಿ ಇರೋ ದಿನ ಕಾಕುನೇ ಖಾನಾಪುರ ಸ್ಟ್ಯಾಂಡಿಗೆ ಕರ್ಕೊಂಡು ಹೋಗಿ ಧಾರವಾಡದ ದಾರಿಯ ಬಸ್ ಹತ್ತಿಸ್ತಾರೆ, ತಾವೂ ಪಕ್ಕದಲ್ಲೇ ಕೂರ್ತಾರೆ.