ಸಂಜೆಯಾದರೆ ಕಂದನಿಗೇಕೆ ಈ ಅಳು?

ಚೊಚ್ಚಲ ಬಾಣಂತನಕ್ಕೆಂದು ಬೆಂಗಳೂರಿನಿಂದ ಚಳ್ಳಕೆರೆಯ ತವರಿಗೆ ಬಂದಿದ್ದೀರಿ. ತವರುಮನೆ ಎಂದರೆ ಕೇಳಬೇಕೇ? ಹಂಡೆ ತುಂಬ ಬಿಸಿನೀರು, ಸಾಂಬ್ರಾಣಿ ಹೊಗೆ, ಬೆಳ್ಳುಳ್ಳಿ ಒಗ್ಗರಣೆಯ ಸಾರು, ಅವ್ವನ ಆರೈಕೆ... ಎಲ್ಲವೂ ಚೆನ್ನ. ಆದರೆ ಮಗುವಿಗೆ ಮೂರು ವಾರ ತುಂಬುತ್ತಿದ್ದಂತೆ ಶುರುವಾಯಿತು ನೋಡಿ ಸಂಜೆಯ ಅಳು! ದೀಪ ಹಚ್ಚುವ ಹೊತ್ತಿಗೆ ಸರಿಯಾಗಿ ಮುಖ ಕೆಂಪಗಾಗುತ್ತದೆ. ಮುಷ್ಟಿ ಬಿಗಿದು, ಕಾಲನ್ನು ಹೊಟ್ಟೆಗೆ ಮಡಚಿಕೊಂಡು ಒಂದೇ ಸಮನೆ ಕಿರುಚಾಟ. ಹಾಲೂ ಬೇಡ, ತೊಟ್ಟಿಲೂ ಬೇಡ.

ಅಷ್ಟರಲ್ಲಿ ಪಡಸಾಲೆಯಿಂದ ಮಾತು ಬರುತ್ತದೆ: “ಮಧ್ಯಾಹ್ನ ಶೇಂಗಾ ಚಟ್ನಿ ತಿಂದ್ಯಲ್ಲ, ಅದಕ್ಕೇ ಕಣೆ ಮಗೂಗೆ ವಾಯು!”

ಶೇಂಗಾ ಬೆಳೆದು, ಎಣ್ಣೆ ಮಿಲ್ಲುಗಳಿಂದಲೇ ಹೆಸರಾದ ಊರಿನಲ್ಲಿ ಬಾಣಂತಿಗೆ ಮಾತ್ರ ಶೇಂಗಾ ಇಲ್ಲ. ಮರುದಿನ ಬೇಳೆ ಹೋಯಿತು, ಅದರ ಮರುದಿನ ಸೊಪ್ಪು ಹೋಯಿತು. ತಟ್ಟೆ ಖಾಲಿಯಾಗುತ್ತಾ ಬಂತು, ಅಳು ಮಾತ್ರ ನಿಲ್ಲಲಿಲ್ಲ. ‘ನನ್ನ ಹಾಲೇ ಸರಿಯಿಲ್ಲವೇನೋ’ ಎಂದು ನೀವು ರಾತ್ರಿ ಒಬ್ಬರೇ ಕಣ್ಣೀರು ಹಾಕುತ್ತಿದ್ದರೆ, ಈ ಮಾತು ನಿಮಗಾಗಿಯೇ: ತಪ್ಪು ನಿಮ್ಮದಲ್ಲ, ನಿಮ್ಮ ಹಾಲಿನದೂ ಅಲ್ಲ.

ಏನಿದು ಕೋಲಿಕ್?

ಆರೋಗ್ಯವಾಗಿರುವ, ಚೆನ್ನಾಗಿ ಹಾಲು ಕುಡಿದು ತೂಕ ಏರುತ್ತಿರುವ ಮಗು ಕಾರಣವಿಲ್ಲದೆ ಗಂಟೆಗಟ್ಟಲೆ ಅಳುವುದನ್ನು ವೈದ್ಯರು ಕೋಲಿಕ್ ಎನ್ನುತ್ತಾರೆ. ಅಮೆರಿಕದ ಮಕ್ಕಳ ವೈದ್ಯ ಮೋರಿಸ್ ವೆಸೆಲ್ ಮತ್ತು ಸಂಗಡಿಗರು 1954ರಲ್ಲಿ ಇದಕ್ಕೊಂದು ‘ಮೂರರ ಲೆಕ್ಕ’ ಹೇಳಿದರು: ದಿನಕ್ಕೆ 3 ಗಂಟೆಗಿಂತ ಹೆಚ್ಚು, ವಾರಕ್ಕೆ 3 ದಿನಕ್ಕಿಂತ ಹೆಚ್ಚು, 3 ವಾರಕ್ಕಿಂತ ಹೆಚ್ಚು ಕಾಲ ಅಳು. ಸುಮಾರು ಐದು ಮಕ್ಕಳಲ್ಲಿ ಒಂದಕ್ಕೆ ಇದು ಕಾಡುತ್ತದೆ. ಎರಡು–ಮೂರನೇ ವಾರ ಶುರುವಾಗಿ, ಆರನೇ ವಾರದ ಹೊತ್ತಿಗೆ ಜೋರಾಗಿ, ಮೂರು–ನಾಲ್ಕು ತಿಂಗಳಿಗೆ ತಾನಾಗಿಯೇ ಹೋಗುತ್ತದೆ. ಎದೆಹಾಲು ಕುಡಿಯುವ ಮಗುವಿಗೂ ಬರುತ್ತದೆ, ಬಾಟಲಿ ಹಾಲಿನ ಮಗುವಿಗೂ ಬರುತ್ತದೆ.

ಹಾಗಾದರೆ ಗ್ಯಾಸ್? ಅಳುವಾಗ ಮಗು ಗಾಳಿ ನುಂಗುತ್ತದೆ, ಹೊಟ್ಟೆ ಬಿಗಿಯುತ್ತದೆ. ಎಷ್ಟೋ ಸಲ ಗ್ಯಾಸಿನಿಂದ ಅಳುವುದಲ್ಲ, ಅತ್ತು ಅತ್ತು ಗ್ಯಾಸ್ ಆಗುವುದು! ನೀವು ತಿಂದ ಬೇಳೆಯ ವಾಯು ನಿಮ್ಮ ಕರುಳಿನಲ್ಲೇ ಉಳಿಯುತ್ತದೆ, ಹಾಲಿಗೆ ಇಳಿಯುವುದಿಲ್ಲ. ಹಾಲೂಡಿಸುವ ತಾಯಿಗೆ ದಿನಕ್ಕೆ ಸುಮಾರು 500 ಕ್ಯಾಲೊರಿ ಹೆಚ್ಚಿಗೆ ಬೇಕು. ಬೇಳೆ, ಸೊಪ್ಪು, ಶೇಂಗಾ ಬಿಟ್ಟು ಸೊರಗಬೇಡಿ. ಕೆಲವೇ ಮಕ್ಕಳಿಗೆ ಹಸುವಿನ ಹಾಲಿನ ಪ್ರೋಟೀನ್ ಒಗ್ಗುವುದಿಲ್ಲ. ಮಲದಲ್ಲಿ ರಕ್ತ, ಮೈಮೇಲೆ ಗಂಧೆ ಕಂಡರೆ ಆಗ ವೈದ್ಯರನ್ನು ಕೇಳಿಯೇ ಪಥ್ಯ ಮಾಡಿ.

ಹೀಗೆ ಮಾಡಿ ನೋಡಿ

* ಮಗು ಬರೀ ಮೊಲೆತೊಟ್ಟನ್ನಲ್ಲ, ಅದರ ಸುತ್ತಲಿನ ಕಪ್ಪು ಭಾಗವನ್ನೂ ಬಾಯಿ ತುಂಬ ಹಿಡಿಯಬೇಕು. ಆಗ ಗಾಳಿ ಕಡಿಮೆ ಹೋಗುತ್ತದೆ.

* ಪ್ರತಿ ಸಲ ಹಾಲಾದ ಮೇಲೆ ಹೆಗಲಿಗೆ ಹಾಕಿಕೊಂಡು ಬೆನ್ನು ಸವರಿ ತೇಗು ಬರಿಸಿ. ಐದು–ಹತ್ತು ನಿಮಿಷದಲ್ಲಿ ಬರದಿದ್ದರೆ ಚಿಂತೆಯಿಲ್ಲ, ಬಿಡಿ.

* ಎರಡು ಹಾಲಿನ ನಡುವೆ, ಅಂಗೈಗೆ ನಾಲ್ಕು ಹನಿ ಕೊಬ್ಬರಿ ಎಣ್ಣೆ ಹಚ್ಚಿಕೊಂಡು ಹೊಟ್ಟೆಯ ಮೇಲೆ ಗಡಿಯಾರದ ಮುಳ್ಳು ತಿರುಗುವ ದಿಕ್ಕಿನಲ್ಲಿ ಮೆಲ್ಲಗೆ ಸವರಿ. ಹೊಕ್ಕುಳು ಉದುರಿ ಒಣಗುವವರೆಗೆ ಅದರ ಹತ್ತಿರ ಹೋಗಬೇಡಿ. ಆಮೇಲೆ ಎರಡೂ ಕಾಲು ಹಿಡಿದು ಸೈಕಲ್ ತುಳಿಸಿದಂತೆ ಆಡಿಸಿ.

* ಮುಂಗೈ ಮೇಲೆ ಬೋರಲು ಮಲಗಿಸಿಕೊಂಡು ಮನೆಯೊಳಗೇ ನಾಲ್ಕು ಹೆಜ್ಜೆ ನಡೆಯಿರಿ. ಆದರೆ ನಿದ್ದೆಗೆ ಮಾತ್ರ ಅಂಗಾತವೇ ಮಲಗಿಸಬೇಕು.

* ಚಳ್ಳಕೆರೆಯ ಆಚೆಗಿನ ಮೊಳಕಾಲ್ಮೂರಿನಲ್ಲಿ ರೇಷ್ಮೆ ಸೀರೆಯ ಕೈಮಗ್ಗಗಳ ಸದ್ದು ಕೇಳಿದ್ದೀರಲ್ಲ? ಅಂಥ ಒಂದೇ ಲಯದ ಸದ್ದು ಎಷ್ಟೋ ಮಕ್ಕಳಿಗೆ ಹಿಡಿಸುತ್ತದೆ. ನಿಮ್ಮಲ್ಲಿ ಮಗ್ಗವಿಲ್ಲದಿದ್ದರೆ ಫ್ಯಾನಿನ ಸದ್ದಾದೀತು, ‘ಶ್‌...’ ಎಂಬ ನಿಮ್ಮ ದನಿಯಾದೀತು, ಜೋಗುಳವಂತೂ ಇದ್ದೇ ಇದೆ.

ಇವು ಬೇಡವೇ ಬೇಡ

ಹಿರಿಯರ ಪ್ರೀತಿ ದೊಡ್ಡದು. ಆದರೆ ಅವರು ಹೇಳಿದ್ದೆಲ್ಲವೂ ಕಂದನ ಬಾಯಿಗೆ ಹೋಗಬೇಕಿಲ್ಲ. ಬಜೆ ತೇಯ್ದು ನೆಕ್ಕಿಸುವುದು, ಹಿಂಗಿನ ನೀರು, ಹರಳೆಣ್ಣೆ ಬೇಡ. ಜೇನುತುಪ್ಪ ಒಂದು ವರ್ಷದವರೆಗೂ ಕೂಡದು. ಅದರಿಂದ ಬಾಟುಲಿಸಂ ಎಂಬ ಅಪಾಯಕಾರಿ ಕಾಯಿಲೆ ಬರಬಹುದು.

ಇನ್ನು ಗ್ರೈಪ್ ವಾಟರ್. 1851ರಲ್ಲಿ ಇಂಗ್ಲೆಂಡಿನಲ್ಲಿ ವಿಲಿಯಂ ವುಡ್‌ವರ್ಡ್ ಇದನ್ನು ತಯಾರಿಸಿದಾಗ ಅದರಲ್ಲಿ ಮದ್ಯಸಾರವಿತ್ತು! ಈಗ ಮದ್ಯಸಾರ ತೆಗೆದಿದ್ದಾರೆ ನಿಜ, ಆದರೆ ಕೋಲಿಕ್ ಕಡಿಮೆಯಾಗುತ್ತದೆ ಎನ್ನಲು ಗಟ್ಟಿ ಪುರಾವೆಯಿಲ್ಲ. ಮೆಡಿಕಲ್ ಶಾಪಿನಲ್ಲಿ ಕೇಳಿ ಹೊಟ್ಟೆನೋವಿನ ಡ್ರಾಪ್ಸ್ ತರಬೇಡಿ. ಡೈಸೈಕ್ಲೊಮಿನ್ ಇರುವ ಔಷಧ ಆರು ತಿಂಗಳೊಳಗಿನ ಮಗುವಿಗೆ ಕೊಡಲೇಬಾರದು, ಉಸಿರಿಗೆ ತೊಂದರೆಯಾಗುತ್ತದೆ. ಹೊಟ್ಟೆಯ ಮೇಲೆ ಬರೆ ಹಾಕಿಸುವ ಮಾತು ಬಂದರಂತೂ ಮಗುವನ್ನು ಎತ್ತಿಕೊಂಡು ಎದ್ದುಬಿಡಿ.

ರಾಜ್ಯದಲ್ಲೇ ಅತಿ ಕಡಿಮೆ ಮಳೆ ಬೀಳುವ ಸೀಮೆಗಳಲ್ಲಿ ಇದೂ ಒಂದು. ಬೇಸಿಗೆಯ ಧಗೆಯಲ್ಲಿ “ಪಾಪ, ಮಗೂಗೆ ಬಾಯಾರಿದೆ, ಒಂದ್ಚೂರು ನೀರು ಕುಡಿಸೇ” ಎನ್ನುತ್ತಾರೆ. ಬೇಡ. ಆರು ತಿಂಗಳವರೆಗೆ ಎದೆಹಾಲೇ ನೀರು, ಎದೆಹಾಲೇ ಊಟ. ಇನ್ನೂ ಎರಡು ಸಲ ಹೆಚ್ಚಿಗೆ ಹಾಲು ಕೊಡಿ, ಸುತ್ತಿದ ಬಟ್ಟೆ ಕಡಿಮೆ ಮಾಡಿ.

ತಡಮಾಡಬೇಡಿ

ಎಲ್ಲ ಅಳುವೂ ಕೋಲಿಕ್ ಅಲ್ಲ. ಮೊದಲು ಬಟ್ಟೆ ಬಿಚ್ಚಿ ನೋಡಿ. ಕಾಲ್ಬೆರಳಿಗೆ ನಿಮ್ಮದೇ ತಲೆಕೂದಲು ಸುತ್ತಿಕೊಂಡು ಬಿಗಿದಿರಬಹುದು, ತೊಡೆಸಂದಿಯಲ್ಲಿ ಗಂಟಿರಬಹುದು. ಇವುಗಳಲ್ಲಿ ಒಂದು ಕಂಡರೂ ಬೆಳಗಾಗಲೆಂದು ಕಾಯದೆ ಆಸ್ಪತ್ರೆಗೆ ಹೊರಡಿ:

* ಹಸಿರು ವಾಂತಿ, ಅಥವಾ ಮತ್ತೆ ಮತ್ತೆ ಜೋರಾಗಿ ಚಿಮ್ಮುವ ವಾಂತಿ
* 100.4 ಡಿಗ್ರಿ ಅಥವಾ ಹೆಚ್ಚು ಜ್ವರ, ಮೈ ತಣ್ಣಗಾಗುವುದು
* ಹಾಲು ಒಲ್ಲೆನ್ನುವುದು, ಮಂಕಾಗಿ ಬಿದ್ದಿರುವುದು, ಕ್ಷೀಣ ಅಳು
* ಮಲದಲ್ಲಿ ರಕ್ತ. ಹೊಟ್ಟೆ ಊದಿ ಗಟ್ಟಿಯಾಗುವುದು
* ಮೂತ್ರ ಕಡಿಮೆಯಾಗುವುದು, ನೆತ್ತಿ ಉಬ್ಬುವುದು ಅಥವಾ ಕುಳಿ ಬೀಳುವುದು

ಚಳ್ಳಕೆರೆ, ಮೊಳಕಾಲ್ಮೂರು ಎರಡೂ ಕಡೆ ತಾಲ್ಲೂಕು ಆಸ್ಪತ್ರೆಗಳಿವೆ. ಹಳ್ಳಿಯಲ್ಲಿದ್ದರೆ 108ಕ್ಕೆ ಫೋನ್ ಮಾಡಿ. ಆಸ್ಪತ್ರೆಯಲ್ಲಿ ಹೆರಿಗೆಯಾದರೆ 42 ದಿನದೊಳಗೆ ಆಶಾ ಕಾರ್ಯಕರ್ತೆ ಆರು ಸಲ ಮನೆಗೆ ಬಂದು ಮಗುವನ್ನು ನೋಡಬೇಕೆಂಬ ನಿಯಮವಿದೆ. ಬಂದಾಗ ತೂಕ ಹಾಕಿಸಿ, ಈ ಅಳುವಿನ ವಿಷಯವನ್ನೂ ಹೇಳಿ. ತೂಕ ಏರುತ್ತಿದೆ ಎಂದರೆ ನಿಮ್ಮ ಹಾಲು ಸರಿಯಾಗಿದೆ ಎಂದೇ ಅರ್ಥ.

ನಿಮಗೂ ಉಸಿರು ಬೇಕು

ಎಷ್ಟು ಮಾಡಿದರೂ ಅಳು ನಿಲ್ಲದಾಗ ಸಿಟ್ಟು ಬರುತ್ತದೆ. ಎಲ್ಲ ತಾಯಂದಿರಿಗೂ ಬರುತ್ತದೆ, ನಾಚಿಕೆ ಬೇಡ. ಆದರೆ ಸಿಟ್ಟಿನಲ್ಲಿ ಮಗುವನ್ನು ಎಂದೂ ಕುಲುಕಬೇಡಿ, ಎಳೆಯ ಮಿದುಳಿಗೆ ಪೆಟ್ಟಾಗುತ್ತದೆ. ಅವ್ವನ ಕೈಗೆ ಕೊಡಿ. ಯಾರೂ ಇಲ್ಲದಿದ್ದರೆ ತೊಟ್ಟಿಲಲ್ಲಿ ಅಂಗಾತ ಮಲಗಿಸಿ, ಐದು ನಿಮಿಷ ಅಂಗಳಕ್ಕೆ ಹೋಗಿ ಒಂದು ಲೋಟ ನೀರು ಕುಡಿದು ಬನ್ನಿ. ಪತಿರಾಯರು ಊರಿಂದ ಬಂದಾಗ ಸಂಜೆಯ ಪಾಳಿ ಅವರದೇ ಆಗಲಿ! ಸದಾ ಅಳು, ಬೇಸರ, ಯಾವುದೂ ಬೇಡವೆನ್ನುವ ಮನಸ್ಸು ಎರಡು ವಾರ ಮೀರಿದರೆ ನಿಮಗಾಗಿಯೂ ವೈದ್ಯರನ್ನು ಕಾಣಿ.

ಮೂರು–ನಾಲ್ಕು ತಿಂಗಳು ತುಂಬಲಿ. ಒಂದು ಸಂಜೆ ದೀಪ ಹಚ್ಚಿ ಬರುವಷ್ಟರಲ್ಲಿ ಮನೆ ಸುಮ್ಮನಿರುತ್ತದೆ. ಗಾಬರಿಯಿಂದ ತೊಟ್ಟಿಲಿಗೆ ಬಗ್ಗಿದರೆ ಕಂದ ನಿಮ್ಮನ್ನೇ ನೋಡಿ ನಗುತ್ತಿರುತ್ತದೆ. ಅಲ್ಲಿಯವರೆಗೆ ಹೊಟ್ಟೆ ತುಂಬ ಉಣ್ಣಿ... ಶೇಂಗಾ ಚಟ್ನಿಯನ್ನೂ!