ಗಣಕವ್ಯವಸ್ಥೆಯಲ್ಲಿ ಏಕಕೇಂದ್ರತೆ ಮತ್ತು ಬಹುಕೇಂದ್ರತೆ: ಉತಾರಪತ್ರಗಳ ನಿದರ್ಶನ

ಗಣಕಗಳಿಂದ ನಡೆಯತಕ್ಕ ಕಾರ್ಯವನ್ನು ಒಂದೇ ಕೇಂದ್ರಯಂತ್ರಕ್ಕೆ ವಹಿಸಬೇಕೆ, ಹಲವು ಸ್ಥಳಗಳ ಯಂತ್ರಗಳಿಗೆ ಹಂಚಬೇಕೆ ಎಂಬುದು ಯಂತ್ರಜ್ಞರಿಗೆ ಮಾತ್ರ ಸಂಬಂಧಿಸಿದ ಪ್ರಶ್ನೆಯೆಂದು ಮೇಲುನೋಟಕ್ಕೆ ತೋರುವುದು. ಆದರೆ ಹಸ್ತಪ್ರತಿಗಳ ಸಂಶೋಧಕರಿಗೆ ಇದು ಅಪರಿಚಿತವಲ್ಲ. ಗ್ರಂಥದ ಪ್ರತಿ ಒಂದೇ ಇದ್ದಲ್ಲಿ ಪಾಠಾಂತರದ ತೊಡಕಿಲ್ಲ. ಅದು ಗೆದ್ದಲಿಗೆ ತುತ್ತಾದರೆ ಮಾತ್ರ ಗ್ರಂಥವೇ ನಷ್ಟ. ಪ್ರತಿಗಳು ಹಲವಾದರೆ ಗ್ರಂಥವು ಉಳಿಯುವುದು. ಶುದ್ಧಪಾಠ ಯಾವುದೆಂಬ ವಿವಾದವೂ ಹುಟ್ಟುವುದು.

ಗಣಕದಲ್ಲಿ ಇದಕ್ಕೆ ಒಳ್ಳೆಯ ನಿದರ್ಶನವು ಕರ್ನಾಟಕದ ‘ಭೂಮಿ’ ಯೋಜನೆ. ಅದಕ್ಕೆ ಮೊದಲು ಹೊಲಗಳ ಹಕ್ಕುದಾಖಲೆಗಳು ಸುಮಾರು 9,000 ಗ್ರಾಮಲೆಕ್ಕಿಗರ ಕೈಬರಹದ ಪುಸ್ತಕಗಳಲ್ಲಿದ್ದುವು. ಪುಸ್ತಕವು ಊರಿಗೆ ಸಮೀಪವಿದ್ದರೂ ಅದರೊಳಗಿನ ತಿದ್ದುಗಳನ್ನು ಪರಿಶೀಲಿಸುವುದು ಕಷ್ಟಸಾಧ್ಯವಾಗಿದ್ದಿತು. 2002ರ ಹೊತ್ತಿಗೆ ಸುಮಾರು 67 ಲಕ್ಷ ಭೂಮಾಲಿಕರ 2 ಕೋಟಿ ದಾಖಲೆಗಳು ಗಣಕಕ್ಕೆ ಏರಿದುವು. ಆಗ ಅವುಗಳಿಗೆ ನೆಲೆಯಾಗಿ ಆರಿಸಿದ್ದು ರಾಜಧಾನಿಯನ್ನಲ್ಲ, ಗ್ರಾಮವನ್ನೂ ಅಲ್ಲ, ತಾಲೂಕನ್ನು. ಹಂಸಭಾವಿಯ ಹೊಲದ ಉತಾರವು ಹಿರೇಕೆರೂರಿನ ಯಂತ್ರದಲ್ಲಿ ಸೇರಿತು.

ದೂರಸಂಪರ್ಕದ ತಂತಿಗಳನ್ನು ನೆಚ್ಚಲಾಗದ ಆ ಕಾಲಕ್ಕೆ ಇದು ಯುಕ್ತವೇ ಆಗಿದ್ದಿತು. ಒಂದು ತಾಲೂಕಿನ ಯಂತ್ರವು ಕೆಟ್ಟರೆ ಉಳಿದವುಗಳಿಗೆ ಬಾಧೆಯಿಲ್ಲ. ಆದರೆ ತಂತ್ರಾಂಶದಲ್ಲಿ ಒಂದು ತಿದ್ದುಪಡಿಯಾದರೆ ಅದನ್ನು ಪ್ರತಿಯೊಂದು ತಾಲೂಕಿಗೂ ಮುಟ್ಟಿಸಬೇಕು; ಯಂತ್ರರಕ್ಷಣೆಯ ವೆಚ್ಚವೂ ಅಷ್ಟೇ ಪಟ್ಟು. ಸಂಪರ್ಕವು ಸುಧಾರಿಸಿದ ಮೇಲೆ ದಾಖಲೆಗಳು ಬೆಂಗಳೂರಿನ ಕೇಂದ್ರಭಂಡಾರಕ್ಕೆ ಸೇರಿದುವು. ಈಗ ಹಂಸಭಾವಿಯ ಉತಾರವನ್ನು ಎಲ್ಲಿಂದಲಾದರೂ ನೋಡಬಹುದು. ಕೇಂದ್ರವು ಸ್ತಬ್ಧವಾದರೆ ಮಾತ್ರ, ಬೆಳೆಸಾಲಕ್ಕೆ ಉತಾರ ಬೇಕಾದ ರೈತನು ಎಲ್ಲಿಯೂ ಅದನ್ನು ಪಡೆಯಲಾರನು.

ಆದುದರಿಂದ ಆಯ್ಕೆಯು ಯಂತ್ರದ ಹಿರಿಮೆಯನ್ನಲ್ಲ, ದಾಖಲೆಯ ಸ್ವಭಾವವನ್ನು ಅವಲಂಬಿಸಿದೆ. ಕಾವ್ಯಕ್ಕೆ ಪಾಠಾಂತರವಿದ್ದರೆ ಅರ್ಥವು ಎರಡಾಗುವುದು. ಉತಾರಕ್ಕೆ ಪಾಠಾಂತರವಿದ್ದರೆ ಒಂದೇ ಹೊಲಕ್ಕೆ ಒಡೆಯರು ಇಬ್ಬರಾಗುವರು. ಇಂತಹ ದಾಖಲೆಗೆ ಪ್ರಮಾಣಪಾಠವು ಒಂದೇ ಇರತಕ್ಕದ್ದು. ಅದರ ರಕ್ಷಾಪ್ರತಿಗಳು ಮಾತ್ರ ದೂರದೂರದ ನೆಲೆಗಳಲ್ಲಿರಬೇಕು.

ಇನ್ನೊಂದು ಎಚ್ಚರಿಕೆಯೂ ಅಗತ್ಯ. ಒಂದೇ ಪ್ರತಿಯಲ್ಲಿ ನುಸುಳಿದ ಲಿಪಿಕಾರದೋಷವು, ಹೋಲಿಸಲು ಮತ್ತೊಂದು ಪ್ರತಿಯಿಲ್ಲದೆ, ಶುದ್ಧಪಾಠವೆಂದೇ ನಡೆಯುವುದು. ರಕ್ಷಾಪ್ರತಿಗಳಿಂದಲೂ ಇದಕ್ಕೆ ಪರಿಹಾರವಿಲ್ಲ. ಅವು ದೋಷವನ್ನೂ ಯಥಾವತ್ತಾಗಿ ಉಳಿಸುವುವು. ಭಂಡಾರದಲ್ಲಿ ಹೆಸರಿನ ಒಂದಕ್ಷರ ತಪ್ಪಿದ್ದರೂ ಅದನ್ನು ಗುರುತಿಸಬಲ್ಲವರು ಆ ಹೊಲವನ್ನೂ ಒಡೆಯನನ್ನೂ ಬಲ್ಲ ಊರಿನವರೇ. ದಾಖಲೆಯು ಕೇಂದ್ರದಲ್ಲಿರಲಿ, ಅದನ್ನು ಪ್ರಶ್ನಿಸಿ ತಿದ್ದಿಸುವ ಬಾಗಿಲು ಹಂಸಭಾವಿಗೆ ಸಮೀಪವೇ ತೆರೆದಿರಬೇಕು.