ಹಳೇ ಮಣ್ಣಿನ ಮನೆ ಕೆಡವೋ ಮುಂಚೆ ಗೋಡೆಯ ಬುಡ ನೋಡಿ

ತಾತ ಕಟ್ಟಿಸಿದ ಹೆಂಚಿನ ಮನೆ ಕೆಡವಿ ಆರ್‌ಸಿಸಿ ಹಾಕಿಸೋಣ ಅಂತ ಯೋಚಿಸ್ತಾ ಇದ್ದೀರಾ? ಮೇಸ್ತ್ರಿ ಕೈಗೆ ಅಡ್ವಾನ್ಸ್ ಕೊಡೋ ಮೊದಲು ಸ್ವಲ್ಪ ತಡೀರಿ. ಬೆಳೆಸಾಲ, ಬೋರ್‌ವೆಲ್ ಸಾಲದ ಮೇಲೆ ಮನೆಸಾಲವೂ ಸೇರಿ, ಎರಡು ವರ್ಷ ಮಳೆ ಕೈಕೊಟ್ಟರೆ ಕೊನೆಗೆ ಮಾರೋದಕ್ಕೆ ಉಳಿಯೋದು ಜಮೀನು ಮಾತ್ರ. ಹಾಸನ, ಚಿಕ್ಕಮಗಳೂರು, ಶಿವಮೊಗ್ಗ ಕಡೆಯ ದಪ್ಪ ಮಣ್ಣಿನ ಗೋಡೆ, ಜಗಲಿ, ಅಟ್ಟ ಇರೋ ಮನೆಗಳಲ್ಲಿ ಬಹಳಷ್ಟು ರಿಪೇರಿಗೆ ಬಗ್ಗುತ್ತವೆ.

ಮಣ್ಣಿನ ಗೋಡೆಗೆ ವಯಸ್ಸಿಗಿಂತ ನೀರೇ ದೊಡ್ಡ ಶತ್ರು. ಮೇಲಿಂದ ಒಡೆದ ಹೆಂಚಿನ ಮೂಲಕ ಬರತ್ತೆ, ಕೆಳಗಿಂದ ನೆಲದ ತೇವ ದೀಪದ ಬತ್ತಿ ಎಣ್ಣೆ ಹೀರಿದ ಹಾಗೆ ಏರತ್ತೆ. ಆದ್ದರಿಂದ ಮೊದಲು ಮನೆ ಸುತ್ತ ಒಂದು ಸುತ್ತು ಹಾಕಿ. ಬಚ್ಚಲು ನೀರು ಗೋಡೆ ಬುಡದಲ್ಲೇ ನಿಂತಿದೆಯಾ? ಅಲ್ಲೇ ಬಾಳೆ, ಕೆಸು ನೆಟ್ಟಿದ್ದೀರಾ? ನಮ್ಮ ಕಡೆ ಹತ್ತರಲ್ಲಿ ಎಂಟು ಮನೆಯಲ್ಲಿ ಇದೇ ಕಥೆ. ತೋಟದಲ್ಲಿ ಬಸಿಗಾಲುವೆ ತೆಗೆಯೋ ನಾವು ಮನೆಗೆ ಮಾತ್ರ ತೆಗೆಯಲ್ಲ! ಗಿಡಗಳನ್ನ ಆರೇಳು ಅಡಿ ದೂರ ಸರಿಸಿ, ಬಚ್ಚಲು ನೀರನ್ನ ಪೈಪಿನಲ್ಲಿ ಅಲ್ಲಿಗೇ ಕೊಡಿ. ಸೂರಿನ ನೀರು ಬೀಳೋ ಜಾಗದಲ್ಲಿ ನೆಲ ಹೊರಗಡೆಗೆ ಇಳಿಜಾರಿರಲಿ.

ಇನ್ನು ಸಿಮೆಂಟ್ ಗಿಲಾವು. ಗಟ್ಟಿಯಾಗಲಿ ಅಂತ ಮಣ್ಣಿನ ಗೋಡೆಗೆ ಸಿಮೆಂಟ್ ಬಳಿಸಿರ್ತಾರೆ. ಗೋಡೆಯೊಳಗಿನ ತೇವ ಮೊದಲು ಗಾಳಿಗೆ ಆರಿ ಹೋಗ್ತಿತ್ತು. ಸಿಮೆಂಟ್ ಬಂದ ಮೇಲೆ ಅದಕ್ಕೆ ದಾರಿ ಇಲ್ಲ, ಒಳಗಿನ ಮಣ್ಣು ಮೆತ್ತಗಾಗತ್ತೆ, ಸಿಮೆಂಟು ಬೇರೆ ಸಿಪ್ಪೆಯಾಗಿ ನಿಲ್ಲತ್ತೆ. ಬೆರಳ ಗೆಣ್ಣಿನಿಂದ ತಟ್ಟಿ ನೋಡಿ. ಟೊಳ್ಳು ಶಬ್ದ ಬಂದ ಕಡೆ ಸುತ್ತಿಗೆಯಲ್ಲಿ ಚಚ್ಚದೆ, ಸ್ವಲ್ಪ ಸ್ವಲ್ಪವೇ ಬಿಡಿಸಿ ಗೋಡೆ ಆರಲು ಬಿಡಿ. ಮಳೆಗಾಲ ಹತ್ತಿರ ಇದ್ದಾಗ ಈ ಕೆಲಸ ಬೇಡ.

ಅದರ ಬದಲು ಮಣ್ಣಿನದೇ ಗಿಲಾವು ಮಾಡಿ. ಕೆಮ್ಮಣ್ಣು, ಮರಳು, ಸಣ್ಣಗೆ ಕತ್ತರಿಸಿದ ಭತ್ತದ ಹುಲ್ಲು ಕಲಸಿ ಕೆಲವು ದಿನ ಕೊಳೆಯೋಕೆ ಬಿಡಿ. ಪ್ರಮಾಣ ಊರಿಂದೂರಿಗೆ ಬದಲಾಗತ್ತೆ, ಮಣ್ಣು ಬೇರೆ ಬೇರೆ ಅಲ್ವಾ. ಗೋಡೆ ಮೇಲೆ ಒಂದಡಿ ಜಾಗಕ್ಕೆ ಬಳಿದು ಒಣಗಿಸಿ, ಬಿರುಕು ಬಿಟ್ಟರೆ ಮರಳು ಹೆಚ್ಚಿಸಿ, ಉದುರಿದರೆ ಮಣ್ಣು ಹೆಚ್ಚಿಸಿ. ಮಳೆ ಹೊಡೆಯೋ ಮುಖಕ್ಕೆ ಅದರ ಮೇಲೆ ಸುಣ್ಣದ ಗಾರೆ: ಒಂದು ಪಾಲು ನೆನೆಸಿದ ಸುಣ್ಣ, ಮೂರು ಪಾಲು ಮರಳು. ಸುಟ್ಟ ಸುಣ್ಣವನ್ನ ಕನಿಷ್ಠ ಎರಡು ವಾರ ನೀರಲ್ಲಿ ಇಡಬೇಕು. ನೀರಿಗೆ ಹಾಕುವಾಗ ಕೊತಕೊತ ಕುದಿಯತ್ತೆ, ಕಣ್ಣಿಗೆ ಸಿಡಿದರೆ ದೃಷ್ಟಿಯೇ ಹೋಗಬಹುದು. ಕನ್ನಡಕ, ಗ್ಲೌಸ್ ಇಲ್ಲದೆ ಮುಟ್ಟಬೇಡಿ, ಮಕ್ಕಳನ್ನ ದೂರ ಇಡಿ.

ತೊಲೆ, ಪಕಾಸಿಗಳ ತುದಿ ಗೋಡೆಯೊಳಗೆ ಹೂತಿರೋ ಕಡೆ ಸ್ಕ್ರೂಡ್ರೈವರ್ ಚುಚ್ಚಿ ನೋಡಿ. ಗೆದ್ದಲು, ಕೊಳೆತ ಶುರುವಾಗೋದೇ ಅಲ್ಲಿ. ತುದಿ ಮಾತ್ರ ಹೋಗಿದ್ದರೆ ಒಳ್ಳೆ ಬಡಗಿ ಅಷ್ಟಕ್ಕೇ ಹೊಸ ಮರ ಜೋಡಿಸಿ ಕೊಡ್ತಾನೆ, ಇಡೀ ತೊಲೆ ಬಿಸಾಡೋದು ಬೇಡ. ಮನೆ ಒಳಗೆ ಕತ್ತಲು ಅನ್ನೋದಾದರೆ ನಾಲ್ಕು ಗಾಜಿನ ಹೆಂಚು ಸಾಕು.

ಬಿರುಕಿನ ವಿಷಯಕ್ಕೆ ಮೊಬೈಲ್ ಉಪಯೋಗಕ್ಕೆ ಬರತ್ತೆ. ಬಿರುಕಿನ ಎರಡೂ ತುದಿಗೆ ಪೆನ್ಸಿಲ್ ಗೆರೆ ಎಳೆದು ತಾರೀಕು ಬರೆಯಿರಿ, ಪಕ್ಕದಲ್ಲಿ ಸ್ಕೇಲ್ ಇಟ್ಟು ತಿಂಗಳಿಗೊಂದು ಫೋಟೊ ತೆಗೀರಿ. ಒಂದು ಮಳೆಗಾಲ ಕಳೆದರೂ ಬೆಳೆಯದ ಬಿರುಕನ್ನ ಮುಚ್ಚಬಹುದು. ಬೆಳೀತಾ ಇದ್ದರೆ, ಅಥವಾ ತೂಕದ ಗುಂಡು ಇಳಿಬಿಟ್ಟಾಗ ಗೋಡೆ ಹೊರಕ್ಕೆ ವಾಲಿದ್ದು ಕಂಡರೆ, ಆ ಕೋಣೆಯಲ್ಲಿ ಯಾರನ್ನೂ ಮಲಗಿಸಬೇಡಿ, ಎಂಜಿನಿಯರ್ ಕರೆಸಿ.

ಹೊಸ ಬಾತ್‌ರೂಮು ಬೇಕೇ ಬೇಕು, ಒಪ್ಪಿದೆ. ಅಡಿಕೆ, ಮೆಣಸು ಒಣಗಿಸೋಕೆ ತಾರಸಿಯಷ್ಟು ಅನುಕೂಲ ಬೇರೆ ಇಲ್ಲ, ಅದೂ ನಿಜ. ಎರಡನ್ನೂ ಸೇರಿಸಿ ಒಂದು ಚಿಕ್ಕ ಆರ್‌ಸಿಸಿ ಕಟ್ಟಡ ಪಕ್ಕದಲ್ಲಿ ಮಾಡಿ. ಹಳೇ ಗೋಡೆಗೆ ಅಂಟಿಸಬೇಡಿ, ನಡುವೆ ಸಂದು ಇರಲಿ. ಎರಡರ ಪಾಯ ಒಂದೇ ಸಮ ಕೂರಲ್ಲ, ಅಂಟಿಸಿದರೆ ಅಲ್ಲೇ ಸೀಳತ್ತೆ.

ಹೆಂಚಿನ ಸೂರಿಗೆ ದೋಣಿ ಕಟ್ಟಿ ನೀರು ಹಿಡಿಯೋದನ್ನೂ ಇದೇ ಖರ್ಚಲ್ಲಿ ಸೇರಿಸಿ. 100 ಚದರ ಮೀಟರ್ ಸೂರಿನ ಮೇಲೆ 10 ಮಿ.ಮೀ. ಮಳೆ ಅಂದರೆ 1,000 ಲೀಟರ್; ಪೋಲು ಕಳೆದು 800 ಸಿಕ್ಕರೂ ನರ್ಸರಿಗೆ, ದನಗಳಿಗೆ ಆಯ್ತು. ಗೋಡೆ ಬುಡವೂ ಒಣಗಿರತ್ತೆ.

ಎಲ್ಲ ಮಣ್ಣಿನ ಮನೆಯನ್ನೂ ಉಳಿಸಿ ಅಂತ ನಾನು ಹೇಳ್ತಿಲ್ಲ. 2019ರ ಆಗಸ್ಟ್ ನೆರೆಯಲ್ಲಿ ಬೆಳಗಾವಿ, ಬಾಗಲಕೋಟೆ ಕಡೆ ನೀರು ನಿಂತ ಊರುಗಳಲ್ಲಿ ಮಣ್ಣಿನ ಮನೆಗಳು ಕುಸಿದಿದ್ದನ್ನ ನೋಡಿದ್ದೀವಿ. ನೆರೆ ಬರೋ ಜಾಗದಲ್ಲಿದ್ದರೆ ಎತ್ತರದ ಜಾಗಕ್ಕೆ ಹೋಗೋದೇ ಸರಿ. ಆಗಲೂ ಹಳೇ ತೊಲೆ, ಬಾಗಿಲು, ಹೆಂಚು ಜೊತೆಗೇ ಒಯ್ಯಿರಿ.

ಹೆಂಚು ಕೈಯಾಡಿಸೋ ಕೆಲಸ ಯುಗಾದಿ ಒಳಗೆ ಮುಗೀಲಿ. ಗಾರೆ ಕೆಲಸ ದೀಪಾವಳಿ ಆದ ಮೇಲೆ ಹಿಡೀರಿ. ಬಿಸಿಲು ಜೋರಿದ್ದರೆ ಒದ್ದೆ ಗೋಣಿಚೀಲ ಇಳಿಬಿಟ್ಟು ಒಂದು ವಾರ ತೇವ ಆರದ ಹಾಗೆ ನೋಡ್ಕೊಳ್ಳಿ.